ಮಥಾರೆಯ ಲೀಗಿನಿಂದ ಕಲಿಯಬೇಕಾದದ್ದು: ಕ್ರೀಡಾ ಆಡಳಿತದ ವೃತ್ತಿ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವನು, ವಯಸ್ಸು 26. ಬಿ.ಪಿ.ಇಡಿ. ಮುಗಿಸಿ ಮೂರು ವರ್ಷಗಳಿಂದ ಖಾಸಗಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ವಿಶ್ವವಿದ್ಯಾಲಯದ ತಂಡದಲ್ಲಿ ವಾಲಿಬಾಲ್ ಆಡಿದ್ದೇನೆ. ಆಫ್ರಿಕಾದ ಕೊಳೆಗೇರಿಗಳಲ್ಲಿ ಆಟದ ಮೂಲಕ ಮಕ್ಕಳ ಬದುಕನ್ನು ಹಸನುಗೊಳಿಸುವ ಸಂಸ್ಥೆಗಳ ಬಗ್ಗೆ ಓದಿದ ಮೇಲೆ ಅಂಥ ಕಡೆ ಕ್ರೀಡಾ ಆಡಳಿತದ ಕೆಲಸ ಮಾಡಬೇಕೆಂಬ ಆಸೆ ಬಲವಾಗಿದೆ. ಇದಕ್ಕಾಗಿ ಸಾಲ ಮಾಡಿ ವಿದೇಶದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೇ? ಕೆಲಸ ಎಲ್ಲಿ ಸಿಗುತ್ತದೆ? ಇದು ಉದ್ಯೋಗವೋ ಸಮಾಜಸೇವೆಯೋ ಎಂದು ಮನೆಯವರು ಕೇಳುತ್ತಿದ್ದಾರೆ; ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಮನೆಯವರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದೆರಡು ಪ್ರಶ್ನೆಗಳ ಉತ್ತರವೂ ಅದನ್ನೇ ಅವಲಂಬಿಸಿದೆ. ಇದು ಸಂಬಳವಿರುವ ಉದ್ಯೋಗವೇ ಹೌದು. ಆದರೆ ಒಂದೇ ಹೆಸರಿನಲ್ಲಿ ಇಲ್ಲಿ ಎರಡು ಕಸುಬುಗಳು ಸೇರಿಕೊಂಡಿವೆ. ಮೊದಲನೆಯದು ರಾಷ್ಟ್ರೀಯ ಫೆಡರೇಷನ್, ಒಲಿಂಪಿಕ್ ಸಮಿತಿ, ಜಿಲ್ಲಾ ಸಂಸ್ಥೆ ಮತ್ತು ಲೀಗ್‌ಗಳನ್ನು ನಿಯಮಾವಳಿಯಂತೆ ನಡೆಸುವ ಆಡಳಿತ. ಆಟಗಾರರ ನೋಂದಣಿ, ವೇಳಾಪಟ್ಟಿ, ಶಿಸ್ತುಕ್ರಮ, ಚುನಾವಣೆ, ಲೆಕ್ಕಪತ್ರ ಎಲ್ಲವೂ ಅದರಲ್ಲಿ ಬರುತ್ತವೆ. ಎರಡನೆಯದು ಆಟಕ್ಕೆಂದು ಸೇರಿದ ಮಕ್ಕಳ ಶಿಕ್ಷಣ, ಆರೋಗ್ಯ ಮತ್ತು ಸುರಕ್ಷತೆಗಾಗಿ ಸಮುದಾಯದೊಳಗೆ ಮಾಡುವ ಕೆಲಸ. ಶ್ರೀಮಂತ ದೇಶಗಳಲ್ಲಿ ಇವೆರಡನ್ನೂ ಬೇರೆ ಬೇರೆ ಜನ ನೋಡಿಕೊಳ್ಳುತ್ತಾರೆ. ಹಣ ಕಡಿಮೆ ಇರುವ ಕಡೆ, ಪಂದ್ಯಗಳ ವೇಳಾಪಟ್ಟಿ ಬರೆದವನೇ ಮರುದಿನ ಬೆಳಿಗ್ಗೆ ಆಟಕ್ಕೆ ಬರುವುದನ್ನು ನಿಲ್ಲಿಸಿದ ಹುಡುಗಿಯ ಮನೆಗೆ ಹೋಗಿ ತಾಯಿಯ ಜೊತೆ ಮಾತನಾಡಬೇಕಾಗುತ್ತದೆ. ಈ ಎರಡನ್ನೂ ಒಪ್ಪಿಕೊಳ್ಳುವ ಮನಸ್ಸಿದ್ದರೆ ಮಾತ್ರ ಮುಂದಿನ ಮಾತು.

ನೀವು ಓದಿದ ಸಂಸ್ಥೆಗಳಲ್ಲಿ ಕೀನ್ಯಾದ ರಾಜಧಾನಿ ನೈರೋಬಿಯ ಮಥಾರೆ ಕೊಳೆಗೇರಿಯ ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಷನ್ ಇದ್ದಿರಲೇಬೇಕು. ಇಲ್ಲದಿದ್ದರೆ ಮೊದಲು ಅದರ ಬಗ್ಗೆ ಓದಿ, ಏಕೆಂದರೆ ಈ ಕ್ಷೇತ್ರದಲ್ಲಿ ನಾನು ಮತ್ತೆ ಮತ್ತೆ ಹಿಂತಿರುಗಿ ನೋಡುವ ಉದಾಹರಣೆ ಅದೊಂದೇ. 1987ರಲ್ಲಿ ಕೆನಡಾದ ಬಾಬ್ ಮುನ್ರೋ ಅದನ್ನು ಆರಂಭಿಸಿದರು. ಅವರು ಪರಿಸರ ಮತ್ತು ಅಭಿವೃದ್ಧಿ ವಿಷಯಗಳ ಸಲಹೆಗಾರರಾಗಿ ನೈರೋಬಿಯಲ್ಲಿದ್ದವರು. ಕ್ರೀಡಾ ತರಬೇತುದಾರರಾಗಿ ಬಂದವರಲ್ಲ. ಪ್ಲಾಸ್ಟಿಕ್ ಚೀಲಗಳನ್ನು ಸುತ್ತಿ ದಾರದಿಂದ ಬಿಗಿದ ಚೆಂಡಿನಲ್ಲಿ ಆಡುತ್ತಿದ್ದ ಮಥಾರೆಯ ಮಕ್ಕಳಿಗೆ ಅವರು ನಿಜವಾದ ಚೆಂಡು ಮತ್ತು ಲೀಗ್ ಎರಡನ್ನೂ ಒದಗಿಸಲು ಒಪ್ಪಿದರು. ಬದಲಿಗೆ, ತಮ್ಮ ಬೀದಿಯ ಕಸವನ್ನು ಮಕ್ಕಳೇ ತೆಗೆಯಬೇಕೆಂಬ ಷರತ್ತು ಹಾಕಿದರು. ಕಣಿವೆಯ ಆ ಕೊಳೆಗೇರಿಯಲ್ಲಿ ಕಸ ಚರಂಡಿಗಳನ್ನು ಕಟ್ಟಿ, ಮಳೆಗಾಲದಲ್ಲಿ ರೋಗ ಹರಡುತ್ತಿತ್ತು. ಹೀಗಾಗಿ ಆ ಷರತ್ತು ಶಿಸ್ತಿನ ಪಾಠವಷ್ಟೇ ಆಗಿರದೆ ಮಕ್ಕಳ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿತ್ತು.

ಇಲ್ಲಿ ಆಡಳಿತದ ಜಾಣ್ಮೆಯನ್ನು ಗಮನಿಸಿ. ಶುಚಿತ್ವದ ಕೆಲಸವನ್ನು ಪ್ರತ್ಯೇಕ ಕಾರ್ಯಕ್ರಮವಾಗಿ ಇಡದೆ ಲೀಗಿನ ಅಂಕಪಟ್ಟಿಯೊಳಗೇ ಸೇರಿಸಲಾಯಿತು. ಪಂದ್ಯ ಗೆದ್ದರೆ 3 ಅಂಕ, ಶುಚಿತ್ವದ ಕೆಲಸ ಮುಗಿಸಿದರೆ 6 ಅಂಕ. ಹಾಗಾಗಿ ಕಸ ತೆಗೆಯದ ತಂಡ ಎಷ್ಟೇ ಚೆನ್ನಾಗಿ ಆಡಿದರೂ ಪಟ್ಟಿಯಲ್ಲಿ ಮೇಲೇರುವುದು ಕಷ್ಟ. ವಲಯವಾರು ಸಮಿತಿಗಳಿಗೆ ಮಕ್ಕಳು ಮತ್ತು ಯುವಕರೇ ಆಯ್ಕೆಯಾಗಿ ಬಂದರು. ವೇಳಾಪಟ್ಟಿ, ತೀರ್ಪುಗಾರರ ನೇಮಕ, ದೂರುಗಳ ವಿಚಾರಣೆ ಎಲ್ಲವೂ ಅವರ ಕೈಗೇ ಬಂದವು. ಚೆನ್ನಾಗಿ ದುಡಿದವರಿಗೆ ಸಿಗುತ್ತಿದ್ದ ನಾಯಕತ್ವ ಪುರಸ್ಕಾರದ ಹಣವನ್ನು ಅವರ ಶಾಲೆಯ ಶುಲ್ಕಕ್ಕೆ ಕಟ್ಟಲಾಗುತ್ತಿತ್ತು. 1992ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಗ್ಲೋಬಲ್ 500 ಪ್ರಶಸ್ತಿ ಬಂತು. ಅದೇ ವರ್ಷ ಹುಡುಗಿಯರ ಫುಟ್‌ಬಾಲ್ ಕೂಡ ಶುರುವಾಯಿತು. ನನ್ನ ದೃಷ್ಟಿಯಲ್ಲಿ ಪ್ರಶಸ್ತಿಗಿಂತ ದೊಡ್ಡ ಸಂಗತಿ ಅದು. ನೀರು ತರುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಎಂದು ಮನೆಗೆಲಸದಲ್ಲೇ ದಿನ ಮುಗಿಯುವ ಹುಡುಗಿಯರನ್ನು ಮೈದಾನಕ್ಕೆ ತರಬೇಕಾದರೆ ಅಭ್ಯಾಸದ ಹೊತ್ತನ್ನು ಅವರ ಮನೆಯ ಹೊತ್ತಿಗೆ ತಕ್ಕಂತೆ ಬದಲಿಸಬೇಕಾಗುತ್ತದೆ; ವೇಳಾಪಟ್ಟಿ ಬರೆಯುವವನಿಗೆ ಇದು ಗೊತ್ತಿರಬೇಕು. 1994ರಲ್ಲಿ ಹುಟ್ಟಿದ ಹಿರಿಯರ ತಂಡ ಮಥಾರೆ ಯುನೈಟೆಡ್ 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗ್ ಗೆದ್ದಿತು. ಆ ತಂಡದ ಆಟಗಾರರೂ ಸಮುದಾಯದ ಕೆಲಸ ಮಾಡಲೇಬೇಕಿತ್ತು.

ನಾನು ಈ ಕೆಲಸಕ್ಕೆ ಇಳಿದ ಮೊದಲ ವರ್ಷ ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು. ನಗರವೊಂದರ ಬಡಾವಣೆಯಲ್ಲಿ ಎರಡು ದಿನದ ಪಂದ್ಯಾವಳಿ ನಡೆಸಿದೆವು. ಜರ್ಸಿ, ಟ್ರೋಫಿ, ಮೈಕು, ಊಟ ಯಾವುದಕ್ಕೂ ಕೊರತೆಯಿರಲಿಲ್ಲ. ಮುಂದಿನ ಭಾನುವಾರ ಹುಡುಗರು ಅದೇ ಮೈದಾನಕ್ಕೆ ಬಂದಾಗ ಚೆಂಡುಗಳು ನಮ್ಮ ಕಚೇರಿಯ ಕಪಾಟಿನಲ್ಲಿದ್ದವು, ಬೀಗದ ಕೈ ನನ್ನ ಬಳಿಯಿತ್ತು. ಒಂದು ಗಂಟೆ ಕಾದು ಅವರು ಹಿಂತಿರುಗಿದರೆಂದು ಆಮೇಲೆ ತಿಳಿಯಿತು. ಖರ್ಚು ಮಾಡಿದ ಹಣದಲ್ಲಿ ಆ ಮಕ್ಕಳು ಇಡೀ ವರ್ಷ ವಾರಕ್ಕೊಂದು ಪಂದ್ಯ ಆಡಬಹುದಿತ್ತು. ಅಂದಿನಿಂದ ಯಾವುದೇ ಯೋಜನೆಯ ಕಡತ ನನ್ನ ಮುಂದೆ ಬಂದರೆ ಉದ್ಘಾಟನೆಯ ಪುಟವನ್ನು ಬಿಟ್ಟು ಇಪ್ಪತ್ತನೆಯ ವಾರದಲ್ಲಿ ಏನು ನಡೆಯುತ್ತದೆಂದು ಹುಡುಕುತ್ತೇನೆ.

ಆದ್ದರಿಂದ ಪದವಿಯ ವಿಷಯದಲ್ಲಿ ನನ್ನ ಸಲಹೆ ನೇರವಾಗಿದೆ: ಈಗಲೇ ಸಾಲ ಮಾಡಬೇಡಿ. ಮೊದಲು ಎರಡು ವರ್ಷ, ನಿಮ್ಮ ತಾಲ್ಲೂಕಿನಲ್ಲೇ ಎಂಟು ಹತ್ತು ಹಳ್ಳಿಗಳ ಹುಡುಗ ಹುಡುಗಿಯರಿಗೆ ವಾಲಿಬಾಲ್ ಲೀಗ್ ಒಂದನ್ನು ಕಟ್ಟಿ, ನೀವಿಲ್ಲದ ದಿನವೂ ಅದು ನಡೆಯುವಂತೆ ಮಾಡಿ. ಮೈದಾನಕ್ಕೆ ಗ್ರಾಮ ಪಂಚಾಯಿತಿಯ ಒಪ್ಪಿಗೆ, ಶಾಲೆಯ ಎಸ್‌ಡಿಎಂಸಿಯ ಸಹಕಾರ, ಸ್ಥಳೀಯರಿಂದಲೇ ತಯಾರಾದ ತೀರ್ಪುಗಾರರು, ರಸೀದಿ ಸಹಿತ ಜಮಾಖರ್ಚು, ಜಗಳವಾದಾಗ ಯಾರು ಯಾವ ನಿಯಮದಂತೆ ತೀರ್ಮಾನಿಸಬೇಕೆಂಬ ಲಿಖಿತ ವ್ಯವಸ್ಥೆ, ಇಷ್ಟನ್ನು ಕೈಯಾರೆ ಮಾಡಿದವರನ್ನು ನೈರೋಬಿಯ ಸಂಸ್ಥೆಯೂ ಜಾಂಬಿಯಾದ ಲುಸಾಕಾದ ಸಂಸ್ಥೆಯೂ ಗಂಭೀರವಾಗಿ ಪರಿಗಣಿಸುತ್ತವೆ. ಮಾದರಿ ಬೇಕಿದ್ದರೆ ಕೊಡಗಿಗೆ ಹೋಗಿ ಬನ್ನಿ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ತಂಡಗಳು ಆಡುತ್ತವೆ, ಮತ್ತು ಆತಿಥ್ಯ ಪ್ರತಿ ಸಲ ಬೇರೊಂದು ಕುಟುಂಬದ್ದು. ಆತಿಥೇಯರು ಬದಲಾಗುತ್ತಲೇ ಇದ್ದರೂ ಪಂದ್ಯಾವಳಿ ಹೇಗೆ ಮುಂದುವರಿಯುತ್ತದೆ, ಒಂದು ಕುಟುಂಬ ಕಲಿತದ್ದು ಮುಂದಿನ ಕುಟುಂಬಕ್ಕೆ ಹೇಗೆ ತಲುಪುತ್ತದೆ ಎಂಬುದನ್ನು ಅಲ್ಲಿ ಕುಳಿತು ಕೇಳಿ ಬರೆದುಕೊಂಡರೆ ಒಂದು ಸೆಮಿಸ್ಟರ್ ಓದಿದಷ್ಟು ಲಾಭವಿದೆ.

ಆಮೇಲೆ ಓದು. ಪಟಿಯಾಲದ ನೇತಾಜಿ ಸುಭಾಸ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರಗಳ ತರಬೇತಿ ಪ್ರಮಾಣಪತ್ರ ನಿಮ್ಮಂಥವರಿಗೆ ಎಟಕುವಂಥದ್ದು. ಫಿಫಾ ಮಾಸ್ಟರ್ ಎಂಬ ಹೆಸರುವಾಸಿ ಪದವಿ ಇಂಗ್ಲೆಂಡ್, ಇಟಲಿ ಮತ್ತು ಸ್ವಿಟ್ಜರ್ಲೆಂಡಿನ ಮೂರು ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತದೆ. ಅದು ಉತ್ತಮ ಪದವಿಯೇ, ಆದರೆ ಅದರ ಒಲವು ಅಂತರರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಆಡಳಿತದತ್ತ. ಸಾಲದ ಕಂತು ತಲೆಯ ಮೇಲಿದ್ದವರು ಕಡಿಮೆ ಸಂಬಳದ ಸಮುದಾಯ ಕೆಲಸಕ್ಕೆ ಬರುವುದು ಕಷ್ಟ, ಬಂದರೂ ನಿಲ್ಲುವುದು ಇನ್ನೂ ಕಷ್ಟ. ಪೂರ್ವ ಆಫ್ರಿಕಾಕ್ಕೆ ಹೋಗುವುದೇ ಖಚಿತವಾದರೆ ಆ ಹಣದ ಅಲ್ಪಭಾಗದಲ್ಲಿ ಸ್ವಾಹಿಲಿ ಕಲಿಯಿರಿ. ಬರೆದಂತೆಯೇ ಓದುವ, ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುವ ಆ ಭಾಷೆ ಕನ್ನಡಿಗರ ನಾಲಿಗೆಗೆ ಸುಲಭವಾಗಿಯೇ ಒಗ್ಗುತ್ತದೆ.

ಕಾನೂನು ಮತ್ತು ನಿಯಮಾವಳಿಯ ಓದನ್ನು ಮಾತ್ರ ತಪ್ಪಿಸಬೇಡಿ. 2022ರ ಫೆಬ್ರವರಿಯಲ್ಲಿ ಫಿಫಾ ಕೀನ್ಯಾ ಮತ್ತು ಜಿಂಬಾಬ್ವೆಯ ಫುಟ್‌ಬಾಲ್ ಸಂಸ್ಥೆಗಳನ್ನು ಅಮಾನತುಗೊಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದ ಫುಟ್‌ಬಾಲ್ ಫೆಡರೇಷನ್ನಿಗೂ ಕೆಲವು ದಿನಗಳ ಮಟ್ಟಿಗೆ ಅದೇ ಗತಿ ಬಂತು. ಮೂರೂ ಕಡೆ ಕಾರಣವಾಗಿ ಹೇಳಿದ್ದು ಹೊರಗಿನವರ ಹಸ್ತಕ್ಷೇಪ. ಆಡಳಿತ ಸಮಿತಿಯ ಅವ್ಯವಹಾರವನ್ನು ಸರಿಪಡಿಸಲು ಸರ್ಕಾರವೋ ನ್ಯಾಯಾಲಯವೋ ಕೈಹಾಕಿದರೆ ಅಂತರರಾಷ್ಟ್ರೀಯ ಸಂಸ್ಥೆ ಬಾಗಿಲು ಮುಚ್ಚುತ್ತದೆ, ಕೈಹಾಕದಿದ್ದರೆ ಅವ್ಯವಹಾರ ಉಳಿಯುತ್ತದೆ. ಎರಡೂ ಸಂದರ್ಭಗಳಲ್ಲಿ ನಷ್ಟವಾಗುವುದು ಆಟಗಾರರಿಗೆ. ಈ ಇಕ್ಕಟ್ಟನ್ನು ಅರಿತು, ಚುನಾವಣೆ ಮತ್ತು ಲೆಕ್ಕಪತ್ರವನ್ನು ಮೊದಲಿನಿಂದಲೇ ಶುದ್ಧವಾಗಿಡಬಲ್ಲ ಆಡಳಿತಗಾರರ ಕೊರತೆ ನಮ್ಮಂಥ ದೇಶಗಳಲ್ಲಿ ಬಹಳವಿದೆ. ಭಾರತದಲ್ಲಿ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ಕ್ರೀಡಾ ಮಂಡಳಿ ಮತ್ತು ಕ್ರೀಡಾ ನ್ಯಾಯಮಂಡಳಿಯ ವ್ಯವಸ್ಥೆಯನ್ನು ತಂದಿರುವುದರಿಂದ ನಿಯಮ ಬಲ್ಲವರಿಗೆ ಇಲ್ಲಿಯೂ ಕೆಲಸ ಹೆಚ್ಚುತ್ತದೆಂದು ನಂಬಿದ್ದೇನೆ.

ಕೆಲಸ ಎಲ್ಲಿ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ವಿಶ್ವಸಂಸ್ಥೆಯನ್ನೇ ಗುರಿಯಾಗಿಸಿಕೊಳ್ಳಬೇಡಿ, ಕ್ರೀಡೆ ಮತ್ತು ಅಭಿವೃದ್ಧಿಗೆಂದೇ ಅಲ್ಲಿದ್ದ ಪ್ರತ್ಯೇಕ ಕಚೇರಿಯನ್ನು 2017ರಲ್ಲಿ ಮುಚ್ಚಲಾಯಿತು. ನಾರ್ವೆಯ ಸ್ಕೇಟಿಂಗ್ ಪಟು ಯೋಹಾನ್ ಓಲಾವ್ ಕೋಸ್ ಸ್ಥಾಪಿಸಿದ ರೈಟ್ ಟು ಪ್ಲೇ, ಜಿಂಬಾಬ್ವೆಯಲ್ಲಿ ಎಚ್‌ಐವಿ ತಡೆಯ ಪಾಠವನ್ನು ಫುಟ್‌ಬಾಲಿಗರ ಮೂಲಕ ಹೇಳಿಸಲು 2002ರಲ್ಲಿ ಹುಟ್ಟಿದ ಗ್ರಾಸ್‌ರೂಟ್ ಸಾಕರ್, ನಮ್ಮಲ್ಲೇ ಮುಂಬೈಯ ಮ್ಯಾಜಿಕ್ ಬಸ್, ನಾಗಪುರದ ಸ್ಲಮ್ ಸಾಕರ್, ಜಾರ್ಖಂಡಿನ ಹುಡುಗಿಯರ ಯುವಾ, ಇಂಥ ಸಂಸ್ಥೆಗಳೇ ನಿಜವಾದ ಬಾಗಿಲುಗಳು. ಹುದ್ದೆಗಳು ಸಾಮಾನ್ಯವಾಗಿ ದಾನಿಗಳ ಅನುದಾನದ ಅವಧಿಗೆ ಸೀಮಿತವಾಗಿರುತ್ತವೆ. ನಿವೃತ್ತಿ ವೇತನವಿರುವ ಸರ್ಕಾರಿ ನೌಕರಿಯ ಭದ್ರತೆ ಇಲ್ಲಿಲ್ಲವೆಂಬುದನ್ನು ಮನೆಯವರಿಗೆ ಈಗಲೇ ಸ್ಪಷ್ಟವಾಗಿ ಹೇಳಿ.

ಇನ್ನೊಂದು ಮಾತು. ಆಫ್ರಿಕಾ ಎಂದೊಡನೆ ಓಟಗಾರರ ನೆನಪಾಗುವ ಅಭ್ಯಾಸ ನಮ್ಮಲ್ಲಿದೆ. ಅದೇ ಅಭ್ಯಾಸದಿಂದ 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು, ಅವರ ಪೂರ್ವಜರು ಆಫ್ರಿಕಾದವರೆಂಬ ಕಾರಣಕ್ಕೆ, ವಿಶೇಷ ಯೋಜನೆಯಡಿ ಆರಿಸಿ ತರಬೇತಿ ಕೇಂದ್ರಗಳಿಗೆ ಕರೆದೊಯ್ಯಿತು. ಕೆಲವರು ಪದಕ ಗೆದ್ದರು, ಕೆಲವರು ಕ್ರೀಡಾ ಕೋಟಾದಲ್ಲಿ ಕೆಲಸ ಹಿಡಿದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಾಗ ಉಳಿದವರು ಅರ್ಧ ದಾರಿಯಲ್ಲಿ ಊರಿಗೆ ಮರಳಿದರು. ಊರಿನಲ್ಲಿ ಮೈದಾನವಾಗಲಿ, ಕ್ಲಬ್ಬಾಗಲಿ ಕಟ್ಟಿರಲಿಲ್ಲವಾದ್ದರಿಂದ ಆಟ ಮುಂದುವರಿಸಲು ಅವರಿಗೆ ಜಾಗವೇ ಇರಲಿಲ್ಲ. ಮಥಾರೆಯ ಲೀಗನ್ನೂ ಇದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನೀವು ಯಾವ ಬಗೆಯ ಆಡಳಿತಗಾರರಾಗಬೇಕೆಂಬುದು ನಿಮಗೇ ತಿಳಿಯುತ್ತದೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಎರಡು ತಿಂಗಳ ರಜೆ ಹಾಕಿ ಜಾಂಬಿಯಾದಲ್ಲಿ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವ ಸ್ವಯಂಸೇವಕಿಯಾಗಬೇಕೆಂದಿದ್ದೇನೆ. ಏಜೆನ್ಸಿಯೊಂದು ಇದಕ್ಕೆ ಶುಲ್ಕ ಕೇಳುತ್ತಿದೆ. ಹೋಗಬಹುದೇ?

ಉತ್ತರ: ಜಾಂಬಿಯಾದಲ್ಲಿ ಎಜುಸ್ಪೋರ್ಟ್ ಎಂಬ ಸಂಸ್ಥೆಯನ್ನು 1999ರಲ್ಲಿ ಅಲ್ಲಿಯವರೇ ಕಟ್ಟಿದರು. ಅದರ ಗೋ ಸಿಸ್ಟರ್ಸ್ ಕಾರ್ಯಕ್ರಮದಲ್ಲಿ ಸ್ಥಳೀಯ ಹುಡುಗಿಯರೇ ತಮ್ಮ ಓರಗೆಯವರಿಗೆ ಆಟ ಕಲಿಸಿ ತಂಡ ಮುನ್ನಡೆಸುತ್ತಾರೆ. ಅಂಥ ಕಡೆ ಎರಡು ತಿಂಗಳಿಗೆಂದು ಬಂದ ಕೋಚ್ ಒಬ್ಬರಿಂದ ಆಗುವ ಲಾಭ ಕಡಿಮೆ, ಸ್ಥಳೀಯ ಕೋಚ್‌ಗಳು ಬದಿಗೆ ಸರಿಯುವ ಅಪಾಯವೇ ಹೆಚ್ಚು. ನಿಮ್ಮ ಕಸುಬಿನ ಕೌಶಲ ಅವರಿಗೆ ಬೇಕಾಗಿರಬಹುದು: ಆಟಗಾರರ ನೋಂದಣಿ ಮತ್ತು ಹಾಜರಾತಿಯನ್ನು ಮೊಬೈಲ್‌ನಲ್ಲೇ ದಾಖಲಿಸುವ ಸರಳ ವ್ಯವಸ್ಥೆ ಮಾಡಿಕೊಟ್ಟು, ಅದನ್ನು ನಿರ್ವಹಿಸಲು ಅಲ್ಲಿಯ ಇಬ್ಬರಿಗೆ ಕಲಿಸಿ ಬಂದರೆ ನೀವು ಹಿಂತಿರುಗಿದ ಮೇಲೂ ಕೆಲಸ ಉಳಿಯುತ್ತದೆ. ಅದನ್ನು ಬೆಂಗಳೂರಿನಿಂದಲೇ ಆರಂಭಿಸಬಹುದು.

ಏಜೆನ್ಸಿಗೆ ಹಣ ಕಟ್ಟುವ ಮೊದಲು, ನಿಮ್ಮ ಶುಲ್ಕದಲ್ಲಿ ಜಾಂಬಿಯಾದ ಸಂಸ್ಥೆಗೆ ಎಷ್ಟು ತಲುಪುತ್ತದೆಂದು ಲಿಖಿತವಾಗಿ ಕೇಳಿ. ನಿಮ್ಮಿಂದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನು ಅವರು ಕೇಳುತ್ತಾರೆಯೇ ಎಂಬುದನ್ನೂ ಗಮನಿಸಿ. ಮಕ್ಕಳ ನಡುವೆ ಬಿಡುವ ಅಪರಿಚಿತರ ಹಿನ್ನೆಲೆಯನ್ನು ವಿಚಾರಿಸದೆ ಹಣ ಪಡೆಯುವ ಏಜೆನ್ಸಿಯಾಗಿದ್ದರೆ, ದಯವಿಟ್ಟು ಅದರ ಮೂಲಕ ಹೋಗಬೇಡಿ.