ಮೈಕ್ ಕಂಡರೆ ಬಾಯಿ ಒಣಗುತ್ತದೆ, ಮೇಷ್ಟ್ರೇ

ಪ್ರಶ್ನೆ: ಮೇಷ್ಟ್ರೇ, ನಮ್ಮೂರ ಶಾಲೆಯ ರಾಜ್ಯೋತ್ಸವದಲ್ಲಿ ಹೆಂಗಸರ ಸಂಘದ ಪರವಾಗಿ ನಾನು ಐದು ನಿಮಿಷ ಮಾತಾಡಬೇಕಂತೆ. ಹೋದ ವರ್ಷ ಮೈಕ್ ಮುಂದೆ ನಿಂತಾಗ ಕೈಯಲ್ಲಿದ್ದ ಕಾಗದ ಪಟಪಟ ನಡುಗಿತು. ಎರಡು ಸಾಲು ಓದಿ ಇಳಿದುಬಂದೆ. ಈ ಸಲ ನೆಂಟರ ಹುಡುಗ ಎರಡು ಪುಟ ಬರೆದುಕೊಟ್ಟಿದ್ದಾನೆ. ಎಷ್ಟು ಬಾಯಿಪಾಠ ಮಾಡಿದರೂ ತಲೆಗೆ ಹತ್ತುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಕೊಳ್ಳೇಗಾಲ ತಾಲ್ಲೂಕು

ಉತ್ತರ: ಆ ಎರಡು ಪುಟವನ್ನು ಮೊದಲು ಮಡಚಿಡಿ, ತಾಯಿ. ಅದರಲ್ಲಿ ಹಲ್ಮಿಡಿ ಶಾಸನ, ಕದಂಬರು, ಎಂಟು ಜ್ಞಾನಪೀಠ ಇರಬೇಕು. ಎಲ್ಲವೂ ನಿಜವೇ. ಆದರೆ ನಿಮಗಿಂತ ಮುಂಚೆ ಮಾತಾಡುವವರೂ ಅದನ್ನೇ ಹೇಳಿರುತ್ತಾರೆ.

ನಾನು ಮೇಷ್ಟ್ರಾಗಿದ್ದಾಗ ಒಬ್ಬ ಹುಡುಗಿಗೆ ಭಾಷಣ ಬರೆದುಕೊಟ್ಟು ಉರು ಹೊಡೆಸಿದ್ದೆ. ಸ್ಪರ್ಧೆಯ ದಿನ ನಡುವೆ ಒಂದೇ ಒಂದು ಪದ ಮರೆಯಿತು. ಮುಂದಿನದೆಲ್ಲ ಅದರ ಜೊತೆಗೇ ಹೋಯಿತು. ಮಗು ಅಳುತ್ತಾ ಇಳಿದಳು. ಮಾತು ಅವಳದಾಗಿರಲಿಲ್ಲ, ನನ್ನದಾಗಿತ್ತು. ಆಮೇಲೆ ಯಾವ ಮಗುವಿಗೂ ಬರೆದುಕೊಡಲಿಲ್ಲ.

ನಿಮ್ಮ ತಾಲ್ಲೂಕಿನದೇ ಎಂಥ ವಿಷಯ ಇದೆ ನೋಡಿ! 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಉಳಿದವರಿಗೆ ರಾಜ್ಯೋತ್ಸವ ಪುಸ್ತಕದ ಪಾಠವಾದರೆ ನಿಮಗದು ಮನೆಯ ಕಥೆ. ಎಂಬತ್ತು ದಾಟಿದ ಅಜ್ಜಿಯೋ ತಾತನೋ ಊರಲ್ಲಿದ್ದರೆ ಇವತ್ತೇ ಹೋಗಿ ಕೂತುಕೊಳ್ಳಿ. ಆಗ ಕಚೇರಿ ಕೆಲಸಕ್ಕೆ ಎಲ್ಲಿಗೆ ಹೋಗುತ್ತಿದ್ದರು, ಶಾಲೆಯಲ್ಲಿ ಯಾವ ಭಾಷೆ ಕಲಿಸುತ್ತಿದ್ದರು, ಮೈಸೂರಿಗೆ ಸೇರಿದ ದಿನ ಊರಲ್ಲಿ ಏನಾದರೂ ನಡೆಯಿತೇ, ಕೇಳಿ. ಅವರು ಹೇಳಿದ್ದನ್ನು ನೆರೆಮನೆಯಾಕೆಗೆ ಹೇಳುವ ಹಾಗೆಯೇ ಹೇಳಿ. ಐದು ನಿಮಿಷ ಸಾಲುವುದಿಲ್ಲ.

ಬಾಯಿಪಾಠ ಬೇಕಿರುವುದು ಮೊದಲ ವಾಕ್ಯಕ್ಕೆ ಮತ್ತು ಕೊನೆಯ ವಾಕ್ಯಕ್ಕೆ ಮಾತ್ರ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುಮಾಡಿ ಒಬ್ಬೊಬ್ಬರ ಹೆಸರು ಹಿಡಿಯಲು ಹೋಗಬೇಡಿ. ಒಂದು ಹೆಸರು ತಪ್ಪಿದರೂ ಎದೆ ಹಾರುತ್ತದೆ. ‘ಎಲ್ಲರಿಗೂ ನಮಸ್ಕಾರ. ಅರವತ್ತೆಂಟು ವರ್ಷದ ಹಿಂದೆ’ ಅಂತಲೋ, ಲೆಕ್ಕ ಹಾಕಿ ಎಷ್ಟಾಗುತ್ತದೋ ಅಷ್ಟು ಹೇಳಿ ನೇರ ಕಥೆಗೆ ಇಳಿಯಿರಿ. ನಡುವಿನದಕ್ಕೆ ನಾಲ್ಕೈದು ಪದ ಗುರುತು ಹಾಕಿಕೊಂಡರೆ ಸಾಕು. ಹಳೆಯ ಮದುವೆ ಪತ್ರಿಕೆಯ ಹಿಂದೆ ದಪ್ಪಕ್ಷರದಲ್ಲಿ ಬರೆಯಿರಿ. ದಪ್ಪ ಕಾಗದ ಕೈ ನಡುಗಿದರೂ ಸದ್ದು ಮಾಡುವುದಿಲ್ಲ.

ಅಭ್ಯಾಸ ಕನ್ನಡಿ ಮುಂದೆ ಬೇಡ, ಕನ್ನಡಿಯಲ್ಲಿ ಕಾಣುವುದು ನಿಮ್ಮ ಮುಖವೇ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಗಟ್ಟಿಯಾಗಿ ಹೇಳಿಕೊಳ್ಳಿ, ದಿನಕ್ಕೆರಡು ಸಲ, ವಾರ ಪೂರ್ತಿ. ಪ್ರತಿ ಸಲ ಮಾತು ಬೇರೆಯಾಗಿ ಬಂದರೆ ಒಳ್ಳೆಯದೇ, ಕಥೆ ನಿಮ್ಮದಾಗುತ್ತಿದೆ ಅಂತ ಅರ್ಥ. ಅಂದು ಹತ್ತು ನಿಮಿಷ ಮೊದಲೇ ಹೋಗಿ, ಮೈಕನ್ನು ನಿಮ್ಮ ಎತ್ತರಕ್ಕೆ ಇಳಿಸಲು ಹುಡುಗರಿಗೆ ಹೇಳಿ. ಎದ್ದು ನಿಂತ ಮೇಲೆ ಒಂದು ಉಸಿರು ಪೂರ್ತಿ ಬಿಟ್ಟು ಆಮೇಲೆ ಬಾಯಿ ತೆರೆಯಿರಿ.

ಕಥೆ ಹೇಳಿದ ಆ ಹಿರಿಯರನ್ನು ಕರೆದುತಂದು ಮುಂದಿನ ಸಾಲಿನಲ್ಲಿ ಕೂರಿಸಿ. ಮಾತು ನಿಂತರೆ ಅವರ ಕಡೆ ನೋಡಿ, ‘ಆಮೇಲೇನಾಯ್ತು ಅಜ್ಜಿ?’ ಎಂದು ಅಲ್ಲೇ ಕೇಳಿಬಿಡಿ.