ಹೊಸದಾಗಿ ತಂದ ತೂಗುಕುಂಡದ ಮನಿ ಪ್ಲಾಂಟಿನ ಎಲೆಗಳು ಹಳದಿಯಾಗುತ್ತಿವೆ, ಕುಂಡ ಬದಲಿಸಬೇಕೇ?

ಹಾಸನದ ನರ್ಸರಿಯೊಂದರಿಂದ ಕಳೆದ ವಾರ ತಂದ ಮನಿ ಪ್ಲಾಂಟಿನ ಬುಡದ ಎರಡು ಮೂರು ಎಲೆಗಳು ಹಳದಿಯಾಗಿವೆ, ದಿನವೂ ಒಂದು ಲೋಟ ನೀರು ಹಾಕುತ್ತಿದ್ದೇನೆ, ಕುಂಡ ಬದಲಿಸಿ ಗೊಬ್ಬರ ಕೊಡಬೇಕೇ ಎಂದು ಕೇಳಿದ್ದೀರಿ. ಈಗ ಕುಂಡವನ್ನೂ ಬದಲಿಸಬೇಡಿ, ಗೊಬ್ಬರವನ್ನೂ ಕೊಡಬೇಡಿ. ದಿನದ ನೀರನ್ನು ಇಂದಿನಿಂದಲೇ ನಿಲ್ಲಿಸಿ. ನಾನು ಚಿಕ್ಕಮಗಳೂರಿನಲ್ಲಿ ಇಂತಹ ಇಳಿಬೀಳುವ ಬಳ್ಳಿಗಳನ್ನು ಬಹಳ ವರ್ಷಗಳಿಂದ ಮನೆಯೊಳಗೆ ಬೆಳೆಸುತ್ತಿದ್ದೇನೆ. ಆಷಾಢದ ಜಡಿಮಳೆಯ ದಿನಗಳಲ್ಲಿ ನಮ್ಮ ಕಡೆ ಕುಂಡದ ಗಿಡಗಳು ಸಾಯುವುದು ಬಹುಮಟ್ಟಿಗೆ ನೀರು ಹೆಚ್ಚಾಗಿಯೇ ಹೊರತು ಕಡಿಮೆಯಾಗಿ ಅಲ್ಲ.

ಎಲೆ ಹಳದಿಯಾಗುವುದಕ್ಕೆ ಮೊದಲು ಒಂದು ಸಹಜ ಕಾರಣವಿದೆ. ನರ್ಸರಿಯಲ್ಲಿ ಈ ಗಿಡ ಶೇಡ್ ನೆಟ್ಟಿನ ಕೆಳಗೆ, ಮೇಲಿನಿಂದ ಸಮನಾಗಿ ಬೀಳುವ ಬೆಳಕಿನಲ್ಲಿ, ಸದಾ ತೇವದ ಗಾಳಿಯಲ್ಲಿ ಬೆಳೆದಿರುತ್ತದೆ. ಅಲ್ಲಿಂದ ಮನೆಯ ಪಡಸಾಲೆಗೆ ಬಂದಾಗ ಸಿಗುವ ಬೆಳಕು ಅದರ ಒಂದು ಭಾಗ ಮಾತ್ರ. ಅಷ್ಟು ಬೆಳಕಿನಲ್ಲಿ ಎಲ್ಲ ಎಲೆಗಳನ್ನೂ ಸಾಕಲಾಗದೆ ಗಿಡವು ಹಳೆಯ ಎಲೆಗಳಿಂದ ಸತ್ವವನ್ನು ಹಿಂದಕ್ಕೆ ಎಳೆದುಕೊಂಡು ಅವುಗಳನ್ನು ಉದುರಿಸುತ್ತದೆ. ತುದಿಯಲ್ಲಿ ಹೊಸ ಎಲೆ ಸುರುಳಿ ಬಿಚ್ಚುತ್ತಿದ್ದರೆ ಬುಡದ ಒಂದೆರಡು ಹಳದಿ ಎಲೆಗಳಿಗಾಗಿ ಚಿಂತಿಸಬೇಕಾಗಿಲ್ಲ. ಹಳದಿಯ ಜೊತೆಗೆ ಕಾಂಡದ ಬುಡ ಮೆತ್ತಗಾಗಿ ಕಪ್ಪಾಗಿದ್ದರೆ, ಮಣ್ಣಿನಿಂದ ಕೊಳೆತ ವಾಸನೆ ಬರುತ್ತಿದ್ದರೆ ಮಾತ್ರ ಅದು ಬೇರು ಕೊಳೆಯುತ್ತಿರುವ ಗುರುತು.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು ಎಂಬುದನ್ನು ನಮ್ಮ ಕಾಫಿ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಂತರೆ ಸೊರಗು ರೋಗ ಹತ್ತಿ ಬಳ್ಳಿ ಕೆಲವೇ ದಿನಗಳಲ್ಲಿ ಬಾಡಿಹೋಗುವುದನ್ನು ಕಂಡೇ ಅವರು ಮಳೆಗೆ ಮುಂಚೆ ಬಸಿಗಾಲುವೆ ತೆಗೆಯುತ್ತಾರೆ. ನಿಮ್ಮ ತೂಗುಕುಂಡದಲ್ಲೂ ಅದೇ ಅಪಾಯವಿದೆ, ಏಕೆಂದರೆ ಇಂತಹ ಪ್ಲಾಸ್ಟಿಕ್ ಕುಂಡಗಳ ತಳಕ್ಕೆ ಒಂದು ತಟ್ಟೆ ಅಂಟಿಕೊಂಡಿರುತ್ತದೆ ಮತ್ತು ಕುಂಡ ತಲೆಗಿಂತ ಮೇಲೆ ತೂಗುವುದರಿಂದ ಆ ತಟ್ಟೆಯಲ್ಲಿ ನೀರು ನಿಂತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂದೇ ಅದನ್ನು ಕೆಳಗಿಳಿಸಿ ತಟ್ಟೆಯನ್ನು ಬಿಚ್ಚಿ ನೋಡಿ. ತಳದ ತೂತುಗಳು ಮುಚ್ಚಿಕೊಂಡಿದ್ದರೆ ಒಂದು ಕಡ್ಡಿಯಿಂದ ಬಿಡಿಸಿ.

ನೀರು ಹಾಕಲು ವಾರದ ಲೆಕ್ಕ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮೇಲಿನ ಎರಡು ಇಂಚು ಮಣ್ಣು ಒಣಗಿದೆಯೇ ಎಂದು ಬೆರಳಿಟ್ಟು ನೋಡಿ, ಕುಂಡವನ್ನು ಕೈಯಲ್ಲಿ ಎತ್ತಿ ಅದರ ಭಾರವನ್ನು ಅಂದಾಜು ಮಾಡಿ. ನೀರು ಕುಡಿದ ಕುಂಡಕ್ಕೂ ಒಣಗಿದ ಕುಂಡಕ್ಕೂ ಇರುವ ವ್ಯತ್ಯಾಸ ಸ್ವಲ್ಪ ದಿನಗಳಲ್ಲಿ ಕೈಗೆ ತಾನಾಗಿಯೇ ತಿಳಿಯುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದಾಗ ಎರಡು ವಾರ ನೀರು ಬೇಡವಾಗಬಹುದು. ಅದೇ ಗಿಡ ಏಪ್ರಿಲ್ ತಿಂಗಳಲ್ಲಿ ಅರಸೀಕೆರೆಯ ಮನೆಯೊಂದರಲ್ಲಿದ್ದರೆ ವಾರಕ್ಕೆ ಎರಡು ಸಲವಾದರೂ ಕೇಳಬಹುದು. ಹಾಕುವ ದಿನ ಮಾತ್ರ ಲೋಟದ ಲೆಕ್ಕ ಬಿಟ್ಟು, ತಟ್ಟೆ ತೆಗೆದ ಕುಂಡವನ್ನು ಬಚ್ಚಲಿಗೆ ಒಯ್ದು, ತಳದಿಂದ ನೀರು ಹರಿಯುವವರೆಗೆ ಹಾಕಿ, ಪೂರ್ತಿ ಬಸಿದ ಮೇಲೆ ಮತ್ತೆ ತೂಗುಹಾಕಿ. ನರ್ಸರಿಯವರು ತೆಂಗಿನ ನಾರಿನ ಪುಡಿಯನ್ನೇ ಹೆಚ್ಚಾಗಿ ತುಂಬಿರುತ್ತಾರೆ. ಅದು ಒಮ್ಮೆ ತೀರ ಒಣಗಿದರೆ ನೀರನ್ನು ಹೀರದೆ ಬದಿಯಿಂದ ಜಾರಿಸಿಬಿಡುತ್ತದೆ, ಆಗ ಕುಂಡವನ್ನು ಅರ್ಧ ಗಂಟೆ ಬಕೆಟ್ಟಿನ ನೀರಿನಲ್ಲಿ ಕೂರಿಸಬೇಕಾಗುತ್ತದೆ.

ಇನ್ನು ಬೆಳಕು. ತೂಗುವ ಗಿಡಗಳ ವಿಷಯದಲ್ಲಿ ಜನ ಹೆಚ್ಚು ಗಮನ ಕೊಡದೆ ಬಿಡುವುದು ಇದನ್ನೇ ಎಂದು ನನಗೆ ಅನ್ನಿಸುತ್ತದೆ. ಚಾವಣಿಯ ಹತ್ತಿರ ಕೊಕ್ಕೆ ಹೊಡೆದು ಕುಂಡವನ್ನು ಎತ್ತರಕ್ಕೆ ಏರಿಸಿದರೆ, ಕಿಟಕಿಯ ಬೆಳಕು ಇಳಿಬಿದ್ದ ಬಳ್ಳಿಯ ತುದಿಗೆ ಸಿಗುತ್ತದೆಯೇ ವಿನಾ ಕುಂಡದ ಬಾಯಿಗೆ ಸಿಗುವುದಿಲ್ಲ. ಕೆಲವು ತಿಂಗಳಲ್ಲಿ ಮೇಲ್ಭಾಗ ಬೋಳಾಗಿ, ಉದ್ದನೆಯ ದಾರದ ಕೊನೆಯಲ್ಲಿ ನಾಲ್ಕು ಎಲೆ ಉಳಿಯುತ್ತವೆ. ಕುಂಡದ ಬಾಯಿ ಕಿಟಕಿಯ ನಡುಮಟ್ಟಕ್ಕೆ ಬರುವಂತೆ ಸರಪಳಿಯನ್ನು ಇಳಿಸಿ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಮಳೆಯ ಎರಚಲು ತಡೆಯಲು ಸೂರನ್ನು ಬಹಳ ತಗ್ಗಿಗೆ ಇಳಿಸಿರುವುದರಿಂದ ಕಿಟಕಿಯ ಪಕ್ಕದಲ್ಲೂ ಬೆಳಕು ಸಾಲದಿರಬಹುದು. ಅಂತಹ ಮನೆಯಲ್ಲಿ ಗಾಜಿನ ಹೆಂಚಿನ ಕೆಳಗಿನ ಜಾಗಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ಮಾರ್ಚ್ ಬಂತೆಂದರೆ ಮಧ್ಯಾಹ್ನದ ನೇರ ಬಿಸಿಲು ಅಲ್ಲಿ ಎಲೆಯನ್ನು ಸುಡುತ್ತದೆ, ಆಗ ಒಂದೆರಡು ಅಡಿ ಪಕ್ಕಕ್ಕೆ ಸರಿಸಿ. ಬೆಳಕು ಕಡಿಮೆಯಾದರೆ ಎಲೆಯ ಮೇಲಿನ ಹಳದಿ ಗೀರುಗಳು ಮಾಸಿ ಎಲೆಯೆಲ್ಲ ಹಸಿರಾಗುವುದರಿಂದ, ಜಾಗ ಸರಿಯಿದೆಯೇ ಎಂಬುದನ್ನು ಗಿಡವೇ ತಿಳಿಸುತ್ತದೆ.

ಎಲೆಗಳು ಕೆಳಗೆ ಹೋದಂತೆ ಚಿಕ್ಕದಾಗುವುದನ್ನು ಕಂಡು ಗೊಬ್ಬರ ಸುರಿಯಬೇಡಿ. ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪ ಮೂಲದ ಈ ಬಳ್ಳಿಯ ಸ್ವಭಾವ ಮರ ಹತ್ತುವುದು. ಮರ ಸಿಕ್ಕರೆ ಅದರ ಎಲೆ ಎರಡು ಅಡಿಗೂ ಮೀರಿ ಬೆಳೆಯುತ್ತದೆ, ಇಳಿಬಿಟ್ಟರೆ ಚಿಕ್ಕದಾಗುತ್ತಾ ಹೋಗುತ್ತದೆ.

ಒಂದು ತಿಂಗಳಾದರೂ ಈ ಕುಂಡವನ್ನು ಮನೆಯ ಉಳಿದ ಗಿಡಗಳಿಂದ ದೂರವಿಡಿ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯಂತೆ ಬೆಳ್ಳಗೆ ಕಂಡರೆ ಅದು ಹಿಟ್ಟು ತಿಗಣೆ. ಇರುವೆಗಳು ಕುಂಡಕ್ಕೆ ಸಾಲುಗಟ್ಟಿ ಹತ್ತುತ್ತಿದ್ದರೂ ಅದನ್ನೇ ಅನುಮಾನಿಸಬೇಕು. ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಒಂದೆರಡು ತೊಟ್ಟು ಸೋಪಿನ ದ್ರಾವಣ ಕಲಸಿ ಸಂಜೆಯ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ ಮಾಡಿ.

ಕುಂಡ ಬದಲಿಸುವ ಕಾಲ ಬರುವುದು ತಳದ ತೂತಿನಿಂದ ಬೇರುಗಳು ಇಣುಕಿದಾಗ. ಆಗಲೂ ಹಳೆಯ ಕುಂಡಕ್ಕಿಂತ ಎರಡು ಇಂಚಿಗೂ ಮೀರಿ ಅಗಲವಾದ ಕುಂಡಕ್ಕೆ ಹೋಗಬೇಡಿ, ಬೇರಿಲ್ಲದ ಮಣ್ಣು ತೇವವನ್ನು ಹಿಡಿದೇ ಇಟ್ಟುಕೊಳ್ಳುತ್ತದೆ. ಕೆಂಪು ಮಣ್ಣು, ನಾರಿನ ಪುಡಿ, ಎರೆಹುಳು ಗೊಬ್ಬರಗಳನ್ನು ಸಮನಾಗಿ ಬೆರೆಸಿ, ಒಂದು ಹಿಡಿ ಇದ್ದಿಲಿನ ಚೂರು ಮತ್ತು ದಪ್ಪ ಮರಳು ಸೇರಿಸಿದರೆ ನಮ್ಮ ಹವೆಗೆ ಸಾಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಒಂದು ವೇಳೆ ಬುಡ ಈಗಾಗಲೇ ಕೊಳೆತಿದ್ದರೂ ಗಿಡವನ್ನು ಉಳಿಸಿಕೊಳ್ಳಬಹುದು. ಗಟ್ಟಿಯಾಗಿರುವ ಬಳ್ಳಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಆ ಗೆಣ್ಣು ಮುಳುಗುವಂತೆ ನೀರಿನಲ್ಲಿಟ್ಟು, ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದರೆ ಎರಡು ಮೂರು ವಾರಗಳಲ್ಲಿ ಬೇರು ಬರುತ್ತದೆ. ಬೇರು ಎರಡು ಇಂಚು ಆದ ಮೇಲೆ ನಾಲ್ಕೈದು ತುಂಡುಗಳನ್ನು ಒಂದೇ ಕುಂಡದಲ್ಲಿ ನೆಡಿ. ಬೋಳಾದ ಕುಂಡವನ್ನು ತುಂಬಿಸಲೂ ಇದೇ ದಾರಿ.

ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯಾದರೆ ಬಳ್ಳಿ ಅವುಗಳ ಬಾಯಿಗೆ ಎಟುಕದಂತೆ ನೋಡಿಕೊಳ್ಳಿ. ಇದು ಕೆಸುವಿನ ಕುಟುಂಬದ ಗಿಡ; ಹುಣಸೆಹಣ್ಣು ಸಾಲದ ಪತ್ರೊಡೆ ಗಂಟಲು ಕೆರೆಸುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಇದರಲ್ಲೂ ಇವೆ. ಕತ್ತರಿಸಿ ಉಳಿದ ತುಂಡುಗಳನ್ನು ಬೇಲಿಗೋ ತೋಟದ ಅಂಚಿಗೋ ಎಸೆಯಲೂಬೇಡಿ. ಒಂದು ಗೆಣ್ಣು ಉಳಿದರೂ ಅದು ಬೇರೂರಿ ನೆರಳಿನ ಮರಗಳನ್ನು ಹತ್ತುತ್ತದೆ. ಹವಾಯಿ, ಶ್ರೀಲಂಕಾಗಳಲ್ಲಿ ಇದು ಹೀಗೆಯೇ ಕಾಡಿಗೆ ನುಗ್ಗಿದೆ. ತುಂಡುಗಳನ್ನು ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.