ದೆವ್ವಕ್ಕೆ ದೇಹವುಂಟೇ?

ಪ್ರಶ್ನೆ: ನಮ್ಮ ಕೊಡಗಿನಲ್ಲಿ ತೆರೆ ಕಟ್ಟಿದವರ (ದೈವದ ವೇಷ ಧರಿಸಿ ಕುಣಿಯುವವರ) ಮೈಮೇಲೆ ಶಕ್ತಿ ಬರುತ್ತದೆ ಎನ್ನುತ್ತೇವೆ. ಮಧ್ಯಯುಗದ ಕ್ರೈಸ್ತ ಪಂಡಿತರ ಪ್ರಕಾರ ದೆವ್ವಗಳಿಗೆ ಸ್ವಂತ ದೇಹವಿತ್ತೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಈ ಬಗ್ಗೆ ಅವರಲ್ಲೇ ಒಮ್ಮತವಿರಲಿಲ್ಲ. ದೆವ್ವಗಳಿಗೆ ಗಾಳಿಯಂಥ ಸೂಕ್ಷ್ಮ ದೇಹವಿದೆಯೆಂಬ ಸಂತ ಅಗಸ್ಟೀನರ ಕಾಲದ (4–5ನೆಯ ಶತಮಾನ) ಎಣಿಕೆ ಬಹುಕಾಲ ಉಳಿದಿತ್ತು. 13ನೆಯ ಶತಮಾನದ ಥಾಮಸ್ ಅಕ್ವಿನಾಸರಾದರೋ, ಅವು ಪತನಗೊಂಡ ದೇವದೂತರಾದ್ದರಿಂದ ಸ್ವಭಾವತಃ ಅಶರೀರಿಗಳೆಂದೂ, ಕಣ್ಣಿಗೆ ಕಾಣಬೇಕಾದಾಗ ಮೋಡ ಕಟ್ಟುವ ಹಾಗೆ ಗಾಳಿಯನ್ನೇ ಸಾಂದ್ರಗೊಳಿಸಿ ಆಕಾರ ತಾಳುತ್ತವೆಂದೂ ವಾದಿಸಿದರು. ಅಂಥ ದೇಹಕ್ಕೆ ಜೀವವಿಲ್ಲ. ಅದು ಉಂಡರೂ ಅನ್ನ ಅರಗದು, ಆಡಿದ್ದು ಮಾತಲ್ಲ, ಗಾಳಿಯಲ್ಲಿ ಎಬ್ಬಿಸಿದ ಸದ್ದು ಅಷ್ಟೆ. ತೆರೆಗೆ ಇದನ್ನು ಹೋಲಿಸುವುದು ನನಗೆ ಸರಿಕಾಣದು. ಅಲ್ಲಿ ಬದುಕಿರುವ ಮನುಷ್ಯನ ಮೈಯೇ ಮಾಧ್ಯಮ. ಬರುವುದೂ ಪೂಜ್ಯ ಶಕ್ತಿಯೇ ಹೊರತು ದೆವ್ವವಲ್ಲ.